ಫ್ರಿಜ್ಜಿನಲ್ಲಿದ್ದ ಪತಂಗ

"ಅಯ್ಯೋ, ಹಾಲಿನ ಪಕ್ಕ ಹುಳ!" ಎಂದು ಅತ್ತಿಗೆ ಪುಟ್ಟ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆಯಲು ಕೈಯೆತ್ತಿದ್ದರು. ಡ್ರೈವರು ಓಡಿಬಂದು ಕಿತ್ತುಕೊಂಡ.

"ಬೇಡ ಅತ್ತಿಗೆ. ಅದು ನಿಮ್ಮ ತಂಗೀದು."

ಆ ತಂಗಿ, ಡ್ರೈವರನ ಹೆಂಡತಿ, ನಡುಮನೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದಳು. ಹಗಲೆಲ್ಲ ಕಂಡವರ ಬಟ್ಟೆ ಹೊಲಿದು, ಕತ್ತಲಾದರೆ ಮಾಳಿಗೆಯ ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪಕ್ಕೆ ಬರುವ ಪತಂಗಗಳನ್ನು ಗುರುತಿಸುತ್ತಿದ್ದ ಹೆಂಗಸು. ಫೋಟೊಗೆ ಸುಮ್ಮನೆ ಕೂರಲೆಂದು ಅವನ್ನು ಮೊದಲು ಫ್ರಿಜ್ಜಿನಲ್ಲಿಡುವಳು. ಫೋಟೊ ಆದಮೇಲೆ ಬಿಟ್ಟುಬಿಡುವಳು. ಈ ಸಲ ಡಬ್ಬಿ ಹೊರಗೆ ತೆಗೆಯುವ ಮೊದಲೇ ಅವಳ ಎದೆಬಡಿತ ನಿಂತಿತ್ತು.

ಅವಳು ಕಂಡದ್ದನ್ನೆಲ್ಲ ದಾಖಲೆಗೆ ಸೇರಿಸುತ್ತಿದ್ದ ಕಾಲೇಜು ಮೇಷ್ಟ್ರು ಡಬ್ಬಿ ನೋಡಿ ಕನ್ನಡಕ ಒರೆಸಿಕೊಂಡರು.

"ಅವರು ವರ್ಷಗಟ್ಟಲೆ ಕಾಯ್ತಿದ್ದ ಪತಂಗ ಇದೇ ಇರ್ಬೇಕು. ಈ ಸೀಮೇಲಿ ಯಾರಿಗೂ ಸಿಕ್ಕಿಲ್ಲ. ಆದ್ರೆ ಥೇಟ್ ಹೀಗೇ ಕಾಣೋದು ಇನ್ನೊಂದಿದೆ, ಫೋಟೊ ಸಾಲದು. ಕೊಂದು, ಹೊಟ್ಟೆ ಬಿಡಿಸಿ ನೋಡಿದ್ರೇ ಖಾತ್ರಿ. ಮೊದಲು ಕಂಡವರು ಅಂತ ಅವರ ಹೆಸರು ಉಳಿಯುತ್ತೆ."

"ಬಿಟ್ಬಿಟ್ರೆ?"

"ಇತ್ತು ಅಂತ ನಾವಿಬ್ರೇ ಹೇಳ್ಕೋಬೇಕು."

ಡ್ರೈವರಿಗೆ ತಲೆಬುಡ ತಿಳಿಯಲಿಲ್ಲ. ಹೆಂಡತಿ ಸತ್ತ ದಿನ ಹುಳದ ಪಂಚಾಯಿತಿ! ಅಳು ಬಂತು, ಯಾವುದಕ್ಕೆಂದು ಗೊತ್ತಾಗಲಿಲ್ಲ.

*

ಒಮ್ಮೆ ಅವನು ರೇಗಿಸಿದ್ದ: "ನಿನ್ನ ಆ ಹುಳ ಸಿಕ್ಕಿದ್ರೆ ಏನ್ ಮಾಡ್ತೀಯೆ? ಉಪ್ಪಿನಕಾಯಿ ಹಾಕ್ತೀಯಾ?"

ಸೂಜಿಗೆ ದಾರ ಪೋಣಿಸುತ್ತಿದ್ದವಳು ನಗಲಿಲ್ಲ. "ಕೊಲ್ಲೋಕೆ ಮನಸ್ಸು ಬರಲ್ಲ. ಬಿಟ್ರೆ, ಇಷ್ಟು ವರ್ಷ ಕಾದಿದ್ದಕ್ಕೆ ಏನು ಗುರುತು? ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ಗೇರು, ಬ್ರೇಕು ಬಿಟ್ರೆ ನಂಗಿನ್ನೇನು ಗೊತ್ತು?" ಎಂದು ಎದ್ದುಹೋಗಿದ್ದ.

*

"ಭಾವ, ಗಾಡಿ ಬಂತು," ಎಂದು ಭಾವಮೈದ ಕೂಗಿದ.

ಜೀವ ಇದೆಯೋ ಇಲ್ಲವೋ ನೋಡೋಣವೆಂದು ಡ್ರೈವರು ಹುಳವನ್ನು ಅಂಗೈಗೆ ಹಾಕಿಕೊಂಡಿದ್ದ. ಸತ್ತಿದ್ದರೆ ಎಷ್ಟು ಸಲೀಸು, ಮೇಷ್ಟ್ರ ಕೈಗಿಟ್ಟು ನಿಶ್ಚಿಂತೆಯಾಗಬಹುದಿತ್ತು. ಅಂಗೈಯ ಬಿಸಿಗೆ ಒಂದು ಕಾಲು ಅಲುಗಿತು. ಹುಳ ತೆವಳುತ್ತಾ ಅವಳು ಹೊಲಿದ ಅಂಗಿಯ ತೋಳಿನ ಅಂಚಿಗೆ ಏರಿ, ರೆಕ್ಕೆ ನಡುಗಿಸತೊಡಗಿತು. ಹಾರುವ ಮೊದಲು ಹೀಗೆ ಮೈ ಕಾಯಿಸಿಕೊಳ್ಳುತ್ತವೆ ಎಂದು ಅವಳು ಹೇಳಿದ್ದಳು.

ಮೇಷ್ಟ್ರು ತೆರೆದ ಡಬ್ಬಿಯನ್ನು ಅವನ ತೋಳಿನ ಹತ್ತಿರ ಹಿಡಿದರು.

"ಭಾವ, ಕೈ ಹಾಕಿ! ಭಾರ ಆಗ್ತಿದೆ!"

ಪೆಟ್ಟಿಗೆಯ ಮೂರು ಮೂಲೆ ಮೇಲೆದ್ದಿದ್ದವು. ನಾಲ್ಕನೆಯದು ಇನ್ನೂ ನೆಲದ ಮೇಲಿತ್ತು. ಅದರ ಪಕ್ಕದಲ್ಲಿ ಅವನು ತೋಳು ಚಾಚಿಕೊಂಡು, ಹುಳವನ್ನೇ ನೋಡುತ್ತ ನಿಂತಿದ್ದ.