ಆರು ಒಡೆಯರು, ಒಂದು ಕಿರುಬೆರಳು

ಆ ಸಿನಿಮಾದಲ್ಲಿ ಪಿಟೀಲಮ್ಮನ ಕೈ ಅಷ್ಟರಲ್ಲಾಗಲೇ ಐದು ಸಲ ಸತ್ತಿತ್ತು.

ಒಂದು ಪಿಟೀಲು ಮುನ್ನೂರು ವರ್ಷಗಳಲ್ಲಿ ಯಾರ್ಯಾರ ಕೈ ಸೇರಿತು ಎನ್ನುವುದೇ ಕಥೆ. ಮೊದಲು ರಾಜಕುಮಾರಿ, ಆಮೇಲೆ ಸೈನಿಕ, ಕ್ಷೌರಿಕ, ಹೀಗೆ ಆರು ಒಡೆಯರು. ನಟರಲ್ಲಿ ಒಬ್ಬರಿಗೂ ಪಿಟೀಲು ಹಿಡಿಯಲು ಬರುತ್ತಿರಲಿಲ್ಲ. ಹಾಗಾಗಿ ಕ್ಯಾಮೆರಾ ಮುಖದಿಂದ ಕೆಳಗಿಳಿದ ಕೂಡಲೇ ಕೈ ಪಿಟೀಲಮ್ಮನದಾಗುತ್ತಿತ್ತು. ಊರಿನ ಅರ್ಧ ಮಕ್ಕಳಿಗೆ ಪಿಟೀಲು ಕಲಿಸಿದವಳು ಅವಳು. ಉಳಿದರ್ಧ ಕಲಿಯಲು ಬರಲಿಲ್ಲ ಎನ್ನುವುದೇ ಅವಳ ನೆಮ್ಮದಿ. ಸೈನಿಕನಾಗಲು ಕೈಗೆ ಕೂದಲು ಅಂಟಿಸಿದರು, ರಾಜಕುಮಾರಿಯಾಗಲು ಮೇಣ ಬಳಿದರು. ಕೊನೆಯ ಒಡತಿಯಾದ ಮುದುಕಿಯ ಪಾತ್ರಕ್ಕೆ ಮಾತ್ರ ಮೇಕಪ್ಪಿನವನು, "ಇದು ಹೀಗೇ ಇರ್ಲಿ ಬಿಡಿ ಅಮ್ಮ" ಎಂದು ಡಬ್ಬಿ ಮುಚ್ಚಿಬಿಟ್ಟ.

ಅಂಟಿನ ಉರಿ, ದೀಪದ ಬಿಸಿ, ಸೊಂಟದ ನೋವು ಎಲ್ಲವನ್ನೂ ಅವಳು ನುಂಗಿಕೊಂಡಿದ್ದು ಒಂದೇ ಮಾತಿಗಾಗಿ. "ಕೊನೇ ಒಡತಿ ನೀವೇ ಮೇಡಂ," ಎಂದಿದ್ದ ನಿರ್ದೇಶಕ. "ಕೈ ಅಷ್ಟೇ ಅಲ್ಲ, ಮುಖಾನೂ!"

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ತಂಗಿ, ಅಳತೆ ಕೊಡಲು ಬಂದ ಹೆಂಗಸರಿಗೆಲ್ಲ ಇದನ್ನು ಸಾರಿದ್ದಳು. ಅಳತೆಯ ಟೇಪು ಕೊರಳಲ್ಲಿರುವಾಗ ಯಾರು ತಾನೇ ಎದ್ದು ಹೋಗುತ್ತಾರೆ? ಅಕ್ಕ ಮೊದಲ ಪ್ರದರ್ಶನಕ್ಕೆ ಹಾಕಿಕೊಳ್ಳಲೆಂದು ಹೊಸ ಉಡುಪು ಹೊಲಿದು, ಕತ್ತಿನ ಸುತ್ತ ಲೇಸು ಕೂರಿಸಿದ್ದಳು. "ಎಲ್ರೂ ನಿನ್ನ ಮುಖಾನೇ ನೋಡ್ತಾರೆ ಕಣೇ. ಸುತ್ತ ಒಂದು ಚೌಕಟ್ಟು ಬೇಡ್ವಾ?"

ಅಷ್ಟರಲ್ಲಿ ಸಂಕಲನಕಾರನ ಕಣ್ಣು ತೆರೆಯಿತು.

"ಸಾರ್, ರಾಜಕುಮಾರಿ ಕಿರುಬೆರಳು ಸೊಟ್ಟ ಇದೆ. ಸೈನಿಕಂದೂ ಸೊಟ್ಟ. ಕ್ಷೌರಿಕಂದಂತೂ ಕೇಳಲೇಬೇಡಿ."

ನಿರ್ದೇಶಕ ತಲೆ ಮೇಲೆ ಕೈಹೊತ್ತು ಕೂತ. ಎಲ್ಲವನ್ನೂ ಮತ್ತೆ ಚಿತ್ರೀಕರಿಸುವುದು ಆಗದ ಮಾತು. ಸ್ವಲ್ಪ ಹೊತ್ತಿಗೆ ಆ ತಲೆಯೇ ಎದ್ದು ನಿಂತಿತು. "ಇದು ತಪ್ಪಲ್ಲ ಕಣಯ್ಯ, ತತ್ತ್ವ! ಒಂದೇ ಆತ್ಮ, ಆರು ಜನ್ಮ! ಪಿಟೀಲನ್ನ ಹುಡುಕ್ಕೊಂಡು ಮತ್ತೆ ಮತ್ತೆ ಹುಟ್ಟಿ ಬರುತ್ತೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ತಂಗಿ ದಢಾರನೆ ಬಾಗಿಲು ಹಾಕಿ ಆ ಬೆರಳನ್ನು ಸೊಟ್ಟ ಮಾಡಿದ್ದು ಎಂದು ಪಿಟೀಲಮ್ಮ ಹೇಳಲಿಲ್ಲ. ಆತ್ಮದ ಮಧ್ಯೆ ಬಾಗಿಲು ಯಾಕೆ ತರಬೇಕು?

ನಿರ್ದೇಶಕ ಅವಳತ್ತ ತಿರುಗಿದ. "ಆತ್ಮ ಒಂದೇ ಅಂದ್ಮೇಲೆ ಮೊದಲ ಒಡತಿಯೇ ಕೊನೇ ಒಡತಿ ಆಗ್ಬೇಕು ಮೇಡಂ. ರಾಜಕುಮಾರಿ ಆಗಿದ್ದ ನಾಯಕಿಯೇ ಮುದುಕಿ ಆಗ್ತಾರೆ. ಐಡಿಯಾ ಕೊಟ್ಟಿದ್ದು ನಿಮ್ಮ ಬೆರಳೇ!"

"ಮತ್ತೆ ನನ್ನ ಮುಖ?"

"ಕೈ ನಿಮ್ದೇ ಅಲ್ವಾ! ಅದನ್ನ ಯಾರೂ ಕಿತ್ಕೊಳ್ಳಲ್ಲ."

ಸ್ವಂತ ಕೈಯೇ ಹೀಗೆ ಕೈಕೊಟ್ಟಾಗ ಜಗಳವಾದರೂ ಯಾರ ಜೊತೆ ಆಡುವುದು? ಅವಳಲ್ಲಿ ಆ ಶಕ್ತಿಯೂ ಉಳಿದಿರಲಿಲ್ಲ.

ಕೊನೆಯ ದೃಶ್ಯದಲ್ಲಿ ಮುದುಕಿ ಪಿಟೀಲನ್ನು ಒಮ್ಮೆ ಸವರಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಬೇಕು. ನಾಯಕಿಯ ಎರಡೂ ಕೈಗಳನ್ನು ಬೆನ್ನ ಹಿಂದೆ ಬಟ್ಟೆಯಿಂದ ಕಟ್ಟಿ, ಮೇಲೊಂದು ಶಾಲು ಹೊದಿಸಿದರು. ಕುರ್ಚಿಯ ಹಿಂದೆ ಪಿಟೀಲಮ್ಮ ಮಂಡಿಯೂರಿ, ಶಾಲಿನೊಳಗಿಂದ ತನ್ನ ಕೈಗಳನ್ನು ಮುಂದೆ ಚಾಚಿದಳು. ಮುನ್ನೂರು ವರ್ಷದ ಕಥೆಯ ಮುಕ್ತಾಯವೆಂದು ಅವಳಿಗೆ ಕಂಡದ್ದು ಒಂದು ಬೆನ್ನು, ಅದರ ಮೇಲೆ ಎರಡು ಹುಕ್ಕು.

ಕ್ಯಾಮೆರಾ ಓಡತೊಡಗಿತು.

"ಆಂಟಿ," ನಾಯಕಿ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು. "ಮೂಗು ಕೆರೀತಿದೆ."

"ತಡ್ಕೊಳಮ್ಮ."

"ಆಗಲ್ಲ ಆಂಟಿ, ಸೀನು ಬರುತ್ತೆ!"

ಸೀನು ಬಂದರೆ ಸೀನೇ ಹೋದಂತೆ. ಮತ್ತೆ ಮೊದಲಿಂದ ಅದೇ ನೆಲ, ಅದೇ ಮಂಡಿ. ಪಿಟೀಲಮ್ಮನ ಕೈ ಪಿಟೀಲನ್ನು ಬಿಟ್ಟು ಮೇಲೆದ್ದಿತು. ಗಲ್ಲ, ಕೆನ್ನೆ ತಡಕಾಡಿ ಮೂಗನ್ನು ಹುಡುಕಿ ಮೆಲ್ಲಗೆ ಕೆರೆಯಿತು. ಇಳಿಯುವಾಗ ಸುಸ್ತಿಗೋ ಏನೋ, ಆ ಕೆನ್ನೆಯ ಮೇಲೇ ಕ್ಷಣಕಾಲ ಒರಗಿತು. ಆಮೇಲೆ ಪಿಟೀಲನ್ನು ಸವರಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿತು.

"ಕಟ್!" ನಿರ್ದೇಶಕ ಓಡಿ ಬಂದ. "ಕೊನೇ ಜನ್ಮದಲ್ಲಿ ಆತ್ಮ ತನ್ನ ಮುಖ ತಾನೇ ಮುಟ್ಟಿ ನೋಡ್ಕೊಳ್ತು! ಯಾರು ಹೇಳ್ಕೊಟ್ರು ಮೇಡಂ ಇದನ್ನ?"

"ಮೂಗು," ಎಂದಳು ಪಿಟೀಲಮ್ಮ ಶಾಲಿನೊಳಗಿಂದ. ಯಾರಿಗೂ ಕೇಳಿಸಲಿಲ್ಲ.

ಸಂಜೆ ತಂಗಿ ಬೋಗುಣಿಯಲ್ಲಿ ಬಿಸಿನೀರು ತಂದು, ಸೈನಿಕನ ಕೂದಲಿನಿಂದ ಉಳಿದಿದ್ದ ಅಂಟು ಬಿಡಲೆಂದು ಅಕ್ಕನ ಕೈಯನ್ನು ಅದರಲ್ಲಿ ಮುಳುಗಿಸಿದಳು. ಕಥೆಯೆಲ್ಲ ಕೇಳಿದಳು.

"ಹಾಗಾದ್ರೆ ಮುಖ ಬರಲ್ವಾ?"

"ಇಲ್ಲ ಕಣೇ."

"ಒಂಚೂರೂ? ಕಿವಿ ಗಿವಿ?"

"ಕಿವೀನೂ ಇಲ್ಲ."

ತಂಗಿ ಬೆರಳ ಸಂದಿಯನ್ನು ಉಜ್ಜುತ್ತ ಕೇಳಿದಳು: "ತುಂಬ ಬೇಜಾರಾಯ್ತಾ?"

"ಬೇಜಾರು ಮಾಡ್ಕೊಳ್ಳೋಕೂ ಆಗ್ದಷ್ಟು ಸುಸ್ತು. ನಾಳೆ ಮಾಡ್ಕೊಳ್ತೀನಿ."

"ಆತ್ಮ ಅಂತೆ ಆತ್ಮ! ಬೆರಳು ನಿಂದು, ಬಾಗಿಲು ನಂದು. ಇವರಪ್ಪಂದೇನು ಅದ್ರಲ್ಲಿ?"

ಬೈದುಕೊಂಡೇ ತಂಗಿ ಎದ್ದು, ಮೊಳೆಗೆ ತೂಗುಹಾಕಿದ್ದ ಹೊಸ ಉಡುಪನ್ನು ತೊಡೆಯ ಮೇಲೆ ಹರವಿಕೊಂಡು, ಬ್ಲೇಡಿನಿಂದ ಕತ್ತಿನ ಲೇಸಿನ ಹೊಲಿಗೆ ಬಿಚ್ಚತೊಡಗಿದಳು.

"ಅಯ್ಯೋ, ಏನೇ ಮಾಡ್ತಿದ್ದೀಯ?"

"ತೋಳಿನ ತುದಿಗೆ ಹಾಕ್ತೀನಿ. ಜನ ಎಲ್ಲಿ ನೋಡ್ತಾರೋ ಚೌಕಟ್ಟು ಅಲ್ಲಿರ್ಬೇಕು. ಕೈ ಕೊಡು ಇಲ್ಲಿ, ಅಳತೆ ತಗೋಬೇಕು."

ಪಿಟೀಲಮ್ಮ ಕಣ್ಣು ಮುಚ್ಚಿ, ನೀರು ತೊಟ್ಟಿಕ್ಕುತ್ತಿದ್ದ ಕೈಯನ್ನು ಚಾಚಿದಳು. ಕಿರುಬೆರಳು ಎಂದಿನಂತೆ ಬೇರೆ ಕಡೆ ನೋಡುತ್ತಿತ್ತು.