ರೊಟ್ಟಿ ಮೀನಿನ ನೀರು

ಗಜೇಂದ್ರಗಡದ ಸೀರೆ ವ್ಯಾಪಾರಿ ಪ್ರಭುಲಿಂಗಪ್ಪನವರ ಮನೆಯಲ್ಲಿ ಮೀನೊಂದು ಊಟ ಬಿಟ್ಟು ಆರು ದಿನವಾಗಿತ್ತು. ಉಪವಾಸ ಆ ಮನೆಗೆ ಹೊಸದಲ್ಲ, ಸೋಮವಾರ ಬಂತೆಂದರೆ ಎಲ್ಲರೂ ಹಿಡಿಯುವವರೇ. ಆದರೆ ಮೀನಿಗೆ ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ಅದು ಕಲಕತ್ತೆಯಿಂದ ಬಂದ ಮೀನು. ಅಲ್ಲಿಗೆ ಸೀರೆ ಮಾರಲು ಹೋದ ಪ್ರಭುಲಿಂಗಪ್ಪನವರು ಯಾರದೋ ಅಂಗಳದ ಹೌದಿನಲ್ಲಿ, ಅಂದರೆ ನೀರಿನ ತೊಟ್ಟಿಯಲ್ಲಿ, ಅದನ್ನು ಕಂಡು ಮನಸೋತು, ಪೀಪಾಯಿಯಲ್ಲಿ ಹಾಕಿಸಿ ಹೊಳೆಆಲೂರಿನ ತನಕ ರೈಲಿನಲ್ಲಿ, ಮುಂದೆ ಚಕ್ಕಡಿಯಲ್ಲಿ ತಂದಿದ್ದರು. ಹೊಳೆಯಲ್ಲಿ ಬಾಳುವ ತೊರಕೆ ಮೀನು. ತಾಟಿನಷ್ಟು ಅಗಲ, ಕಣ್ಣು ಬೆನ್ನ ಮೇಲೆ, ಬಾಯಿ ಹೊಟ್ಟೆಯ ಕೆಳಗೆ, ಬಾಲದಲ್ಲಿ ವಿಷದ ಮುಳ್ಳು. ಚಪ್ಪಟೆ ಮೈ ನೋಡಿ ಊರು ಅದಕ್ಕೆ ರೊಟ್ಟಿ ಮೀನು ಎಂದು ಹೆಸರಿಟ್ಟಿತು. ಮನೆಯಾಕೆ ಶಿವಬಸವ್ವ ಜೋಳದ ರೊಟ್ಟಿಯನ್ನೇ ಹಾಲಿನಲ್ಲಿ ಮುರಿದು ಹಿತ್ತಲ ಹೌದಿಗೆ ಹಾಕಿದರು. ಮೂರು ತಲೆಮಾರಿನಿಂದ ಕಾಯಿಪಲ್ಲೆ ಬಿಟ್ಟು ಬೇರೇನೂ ಒಲೆ ಏರದ ಮನೆ ಅದು. ಈ ಮನೆಯ ನೀರು ಕುಡಿದ ಮೇಲೆ ಮೀನಿಗೂ ಈ ಮನೆಯ ಊಟವೇ ರೂಢಿಯಾಗುತ್ತದೆ ಎಂಬುದು ಅವರ ನಂಬಿಕೆ. ರೊಟ್ಟಿ ಹುಳಿಯಾಯಿತು, ನೀರು ನಾರಿತು, ಮೀನು ಮೂಲೆ ಹಿಡಿಯಿತು.

ಕೊನೆಗೆ ಕರಿಯವ್ವನನ್ನು ಕರೆಸಿದರು. ಕೆಳಗೇರಿಯ ಕರಿಯವ್ವ ಆ ಮನೆಯ ಕೊಟ್ಟಿಗೆ ಬಳಿಯುವವಳು. ತವರು ಮಲಪ್ರಭೆಯ ದಂಡೆ, ಹುಟ್ಟಿದಾಗಿನಿಂದ ಮೀನು ಕಂಡವಳು. ಹೌದಿನೊಳಗೆ ಬಗ್ಗಿ ನೋಡಿದವಳೇ ಸೆರಗಿನಲ್ಲಿ ನಗೆ ಮುಚ್ಚಿಕೊಂಡಳು.

“ಬಸರಿ ಐತ್ರಿ ಇದು. ಸೊಂಟದ ಎಲಬು ಕಾಣಾಕತ್ತಾವು. ಬಸರಿ ಹೆಂಗಸಿನ್ನ ಆರು ದಿನ ಉಪಾಸ ಕೆಡವೀರಿ, ಯಾವ ದೇವರಿಗೆ ಹರಕಿ ಹೊತ್ತಿದ್ರಿ?”

ಅಂದೇ ತಿಪ್ಪೆ ಕೆದಕಿ ಬೊಗಸೆ ತುಂಬ ಎರೆಹುಳು ತಂದಳು. ಮೀನು ಅವನ್ನು ಮೈಯಡಿ ಒತ್ತಿಕೊಂಡು ಹೀರಿತು. ಶಿವಬಸವ್ವ ಮುಖ ತಿರುವಿ, ಹುಳು ಎಂಬ ಮಾತು ಈ ಹಿತ್ತಲಲ್ಲಿ ಕೇಳಿಸಬಾರದೆಂದು ಕಟ್ಟಪ್ಪಣೆ ಮಾಡಿದರು. ಹಾಗಾಗಿ ಕರಿಯವ್ವ ದಿನಕ್ಕೆರಡು ಸಲ, ಶಾವಿಗಿ ತಂದೇನ್ರಿ, ಎಂದು ಕೂಗಿಯೇ ಒಳಗೆ ಬರತೊಡಗಿದಳು. ಆ ವರ್ಷ ಮನೆಯವರು ಯಾರೂ ಶಾವಿಗೆ ಪಾಯಸ ಉಣ್ಣಲಿಲ್ಲ.

ಹೋಳಿ ಹುಣ್ಣಿಮೆಗೆ ಮೀನು ಎರಡು ಮರಿ ಹಾಕಿತು. ಅಂಗೈಯಗಲದ ಮರಿಗಳು. ನಾಲ್ಕು ದಿನ ಏನೂ ಹಾಕಬೇಡಿರೆಂದು ಕರಿಯವ್ವ ಹೇಳಿದಳು. ತಾಯಿ ಕೊಟ್ಟ ಬುತ್ತಿ ಅವುಗಳ ಹೊಟ್ಟೆಯಲ್ಲೇ ಇತ್ತು. ಅದು ಕರಗಿದ ಮೇಲೆ ನಾಲ್ಕು ಹೊತ್ತು ಊಟ. ಹುಳುವನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಿ, ತೋಳು ಹೌದಿನ ತಳಕ್ಕೆ ಇಳಿಸಿ, ಒಂದೊಂದರ ಬಾಯಿಯ ಹತ್ತಿರ ಇಡಬೇಕು. ಮೇಲಿನಿಂದ ಚೆಲ್ಲಿದರೆ ಮರಿಗೆ ಕಾಣುವುದಿಲ್ಲ, ಉಳಿದದ್ದು ಕೊಳೆತು ನೀರು ಕೆಡುತ್ತದೆ. ಆದ್ದರಿಂದ ದಿನವೂ ಅರ್ಧ ಹೌದು ಖಾಲಿ ಮಾಡಿ ಹೊಸ ನೀರು ತುಂಬಬೇಕು.

ನೀರು ತುಂಬುವವನು ಆಳು ಅಂದಪ್ಪ. ಬಾವಿ ಹೌದಿನಿಂದ ಆರು ಹೆಜ್ಜೆ. ಕರಿಯವ್ವನ ಕೈ ಹೌದಿನಲ್ಲಿರುತ್ತಿತ್ತಾದ್ದರಿಂದ ಅಂದಪ್ಪ ಕೊಡವನ್ನು ಎದೆಯೆತ್ತರಕ್ಕೆ ಹಿಡಿದು, ಹೌದಿನ ಅಂಚು ತಾಗದಂತೆ ಸುರಿಯುತ್ತಿದ್ದ. ಅರ್ಧ ನೀರು ಅವನ ಧೋತರಕ್ಕೇ. ಅತ್ತ ಹಿತ್ತಲ ಬಾಗಿಲಾಚೆ ಕೆಳಗೇರಿಯ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು, ಯಪ್ಪಾ ನೀರ ಹಾಕ್ರಿ, ಎಂದು ಕೂತಿರುತ್ತಿದ್ದರು. ಅಂದಪ್ಪನಿಗೆ ಮನಸ್ಸಾದರೆ ನೀರು, ಇಲ್ಲವಾದರೆ ಅರ್ಧ ಹರದಾರಿ ದೂರದ ಹಳ್ಳ. ಮುಟ್ಟಬಾರದು ಎಂಬುದರ ವಿರುದ್ಧ ಸರಕಾರದ ಕಾಯ್ದೆ ಬಂದು ವರ್ಷವಾಗಿತ್ತು. ಕಾಯ್ದೆ ಬಂದ ದಿನ ಚಾವಡಿಯ ಮುಂದೆ ಗಂಟಲು ಬೀಳುವಂತೆ ಭಾಷಣ ಮಾಡಿದವರು ಪ್ರಭುಲಿಂಗಪ್ಪನವರೇ. ಆ ಭಾಷಣ ಅವರ ಬಾವಿಯ ತನಕ ಇನ್ನೂ ನಡೆದು ಬಂದಿರಲಿಲ್ಲ.

ಒಂದು ಮಧ್ಯಾಹ್ನ ಮರಿಗಳಿಗೆ ಉಣಿಸಿ ಏಳುವಾಗ ಕರಿಯವ್ವನಿಗೆ ಕಾಲು ಜೋಮು ಹಿಡಿದು, ಬಾವಿಕಟ್ಟೆಗೆ ಒದ್ದೆ ಕೈ ಊರಿದಳು. ಅಷ್ಟೇ. ಶಿವಬಸವ್ವ ಅಂದಪ್ಪನಿಂದ ಐದು ಕೊಡ ಸೇದಿಸಿ, ಸೆಗಣಿ ಹಾಕಿ ಕಟ್ಟೆ ತೊಳೆಸಿದರು. ಆ ಐದು ಕೊಡ ಹರಿದು ಮೋರಿ ಸೇರುವುದನ್ನು ಕರಿಯವ್ವ ನೋಡುತ್ತ ನಿಂತಳು. ಆ ದಿನ ಅವಳ ಕೇರಿಗೆ ಬಂದದ್ದು ಮೂರೇ ಕೊಡ.

ಮರುದಿನ ಅವಳು ಬರಲಿಲ್ಲ. ಅಂದಪ್ಪ ಬಾಲದ ಮುಳ್ಳಿಗೆ ಹೆದರಿ ಹೌದಿಗೆ ಕೈ ಹಾಕಲಿಲ್ಲ. ಪ್ರಭುಲಿಂಗಪ್ಪನವರು ಉದ್ದನೆಯ ಸೌಟಿನಿಂದ ಉಣಿಸಲು ಹೋಗಿ ಸೌಟನ್ನೇ ಮೀನಿಗೆ ಕೊಟ್ಟು ಬಂದರು. ಮೂರನೆಯ ದಿನ ಮರಿಗಳ ಮೈಯಂಚು ಸುರುಳಿಯಾಗತೊಡಗಿದಾಗ ಅವರು ಟೊಪ್ಪಿಗೆ ಇಟ್ಟುಕೊಂಡು, ಜೀವಮಾನದಲ್ಲಿ ಮೊದಲ ಸಲ, ಕೆಳಗೇರಿಗೆ ನಡೆದರು.

ಕರಿಯವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಸಾವಕಾರರು ಎರಡು ಸೇರು ಜೋಳ ಹೆಚ್ಚಿಗೆ ಕೊಡುತ್ತೇನೆಂದರು. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

“ಮರಿ ಸಾಯ್ತಾವಬೇ,” ಎಂದರು.

“ನನಗೂ ಕರಳು ಚುರ್ ಅಂತೈತ್ರಿ. ಆದ್ರ ಈ ಕೈ ನೋಡ್ರಿ. ಹೌದಿನ್ಯಾಗ ಇದ್ರ ತಾಯಿ ಕೈ, ಆರ ಹೆಜ್ಜಿ ಆಕಡೆ ಹೋದ್ರ ಹೊಲಸು. ಎರಡು ಕೈ ಇಟಗೊಂಡು ಓಡ್ಯಾಡಾಕ ನನ್ನಿಂದ ಆಗೂದಿಲ್ಲ. ಬರ್ತೀನಿ. ಹಗ್ಗ ಹಿಡದು ನಾನ ಸೇದ್ತೀನಿ.”

ಊರು ಏನಂದೀತು ಎಂದು ಅವರು ತಡವರಿಸಿದರು. ಮಗ್ಗದ ಮನೆಗಳವರು ಸೀರೆ ಕೊಡುವುದು ಬಿಟ್ಟರೆ?

“ಮೀನಿನ ನೀರು ಅನ್ರಿ,” ಎಂದಳು ಕರಿಯವ್ವ. “ಹುಳು ಅನಬ್ಯಾಡ ಅಂದಾಗ ನಾ ಶಾವಿಗಿ ಅನ್ಲಿಲ್ಲೇನ್ರಿ?”

ಪ್ರಭುಲಿಂಗಪ್ಪನವರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. ಆ ಸಂಜೆ ಕರಿಯವ್ವ ಬಾವಿಗೆ ಕೊಡ ಇಳಿಬಿಟ್ಟಳು. ಶಿವಬಸವ್ವ ಕಿಟಕಿ ಮುಚ್ಚಿಕೊಂಡರು; ಅಂದಪ್ಪನ ಧೋತರ ಮೊದಲ ಸಲ ಒಣಗಿತ್ತು. ಮರಿಗಳು ತಿಂದವು. ಹೌದು ತುಂಬಿದ ಮೇಲೆ ಅವಳು ಇನ್ನೊಂದು ಕೊಡ ಸೇದಿ ತಲೆಯ ಮೇಲಿಟ್ಟುಕೊಂಡು ಮನೆಗೆ ಹೋದಳು. ಮಗ್ಗದವರು ನಾಲ್ಕು ದಿನ ಗೊಣಗಿದರು, ಆಮೇಲೆ ಸೀರೆ ತಂದರು.

ಮರಿಗಳು ಬೆಳೆದವು. ಹೆಚ್ಚಿದ ಹುಳು ಹೋಗಿ ಇಡೀ ಹುಳು ಬಂತು, ಆಮೇಲೆ ಹೊಳೆಯ ಸೀಗಡಿ. ಒಬ್ಬಳಿಂದ ಆಗದೆಂದು ಶ್ರಾವಣದಲ್ಲಿ ಕರಿಯವ್ವ ನೆರೆಮನೆಯ ಯಂಕವ್ವನನ್ನು ಕರೆತಂದಳು, ದಸರೆಗೆ ಕೆಳಗೇರಿಯ ಏಳು ಹೆಂಗಸರು ಮೀನಿನ ಸೇವೆಗೆ ನಿಂತಿದ್ದರು. ಮೂರು ಮೀನಿಗೆ ಏಳು ಕೊಡ ಯಾಕೆಂದು ಯಾರೂ ಕೇಳಲಿಲ್ಲ.

ದೀಪಾವಳಿಯ ಮುಂದೆ ಪ್ರಭುಲಿಂಗಪ್ಪನವರು ಹೌದಿನ ಬಳಿ ಬಂದು ನಿಂತರು. ಮರಿಗಳೀಗ ತಾಯಿಯಷ್ಟೇ ಅಗಲವಾಗಿದ್ದವು, ದಿನಕ್ಕೊಂದೇ ಹೊತ್ತು ತಿನ್ನುತ್ತಿದ್ದವು. ಅವರು ಮೆಲ್ಲಗೆ ಕೇಳಿದರು:

“ಕರಿಯವ್ವಾ, ಊಟ ಕಡಿಮಿ ಆತಲ್ಲ. ನೀರೂ ಇನ್ನ ಕಡಿಮಿ ಸಾಕೇನ?”

ಕರಿಯವ್ವ ಹಗ್ಗಕ್ಕೆ ಕೊಡ ಬಿಗಿದು ಬಾವಿಕಟ್ಟೆಗೆ ಕಾಲು ಕೊಟ್ಟಳು.

“ದೊಡ್ಡವಾದವ್ರಿ ಅವು. ದೊಡ್ಡವಾದ್ವು ಅಂದ್ರ ತಿನ್ನೂದು ಕಡಿಮಿ, ನೀರು ಜಾಸ್ತಿ ಬೇಕು,” ಎಂದು ಹಗ್ಗ ಸಡಿಲ ಬಿಟ್ಟಳು.