ಒಂದು ಚಿಟಿಕೆ ಮಿರಿಸ್ಟಿಕ್ ಆಮ್ಲ

ಮುಖಕ್ಕೆ ಹಚ್ಚುವ ಕ್ರೀಮು ನುಣ್ಣಗೆ ಹರಡಲೆಂದು ಅದರಲ್ಲಿ ಐಸೋಪ್ರೊಪೈಲ್ ಮಿರಿಸ್ಟೇಟ್ ಎಂಬ ಎಣ್ಣೆಯಂಥ ಎಸ್ಟರ್ ಬೆರೆಸುತ್ತಾರೆ. ಅದನ್ನು ಒಡೆದು ಒಳಗಿನ ಮಿರಿಸ್ಟಿಕ್ ಆಮ್ಲವನ್ನು ಶುದ್ಧವಾಗಿ ತೆಗೆಯುವುದು ದೇವನಕೊಂಡದ ಪದ್ಮಜಾಳಿಗೂ ಆದೋನಿಯ ಲಕ್ಷ್ಮಿಕಾಂತನಿಗೂ ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಜೋಡಿಯಾಗಿ ಬಂದ ಪ್ರಾಜೆಕ್ಟು. ಮಧ್ಯಾಹ್ನ ಹೊರಗಿನಿಂದ ಪರೀಕ್ಷಕಿ ಬರುವವರಿದ್ದರು. ಆಮ್ಲ ಐವತ್ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ಒಮ್ಮೆಗೇ ಕರಗಿದರೆ ಪಾಸು. ಎಳೆದಾಡಿಕೊಂಡು ಕರಗಿದರೆ ಅದು ಶುದ್ಧವಲ್ಲ, ಇಬ್ಬರಿಗೂ ಇನ್ನೊಂದು ವರ್ಷ ಇದೇ ಬೆಂಚು. ಎಸ್ಟರು ಇದ್ದದ್ದು ಒಂದೇ ಸೀಸೆ; ಅದೂ ಮುಗಿದಿತ್ತು.

ಬೆಳಿಗ್ಗೆಯವರೆಗೆ ಎಲ್ಲ ನೆಟ್ಟಗಿತ್ತು. ಕಾಸ್ಟಿಕ್ ಸೋಡಾ, ಸ್ಪಿರಿಟ್ಟು ಸೇರಿಸಿ ಕುದಿಸಿದ ಎಸ್ಟರು ಸಾಬೂನಾಗಿ ಫ್ಲಾಸ್ಕಿನ ತಳದಲ್ಲಿ ಕೂತಿತ್ತು. ಅದನ್ನು ನೀರಿನಲ್ಲಿ ಕರಗಿಸಿ ಆಸಿಡ್ ಬಿಟ್ಟರೆ ಮಿರಿಸ್ಟಿಕ್ ಬೆಳ್ಳಗೆ ತೇಲಬೇಕು. ಆದರೆ ಕರೆಂಟು ಹೋಗಿ ನೀರು ಬಟ್ಟಿ ಇಳಿಸುವ ಯಂತ್ರ ನಿಂತು, ಡಿಸ್ಟಿಲ್ಡ್ ವಾಟರಿನ ಕ್ಯಾನು ಬರಿದಾಗಿತ್ತು. ಪದ್ಮಜಾ ನಲ್ಲಿಯ ಬೋರ್ ನೀರನ್ನೇ ದೊಡ್ಡ ಬೀಕರಿಗೆ ಹಿಡಿದಳು. ನೀರಿನ ಸುಣ್ಣ ತಗಲಿ ಸಾಬೂನು ಒಡೆಯಿತು, ಮೇಲೆ ಬಿಳಿ ಗಡ್ಡೆ ಕಟ್ಟಿತು.

ಅವಳ ಮನೆಯಲ್ಲಿ ಬಟ್ಟೆ ತೊಳೆಯಲು ಒಂದು ಕ್ರಮವಿದೆ. ಬೋರ್ ನೀರಿಗೆ ಮೊದಲು ಒಂದಿಷ್ಟು ಸಾಬೂನು ಕಲಸುವುದು, ಮೇಲೆ ಬಂದದ್ದನ್ನು ಬಳಿದು ಚೆಲ್ಲುವುದು, ಆಮೇಲೆ ತಿಳಿನೀರಿಗೆ ಬಟ್ಟೆ ಅದ್ದುವುದು. ಡಿಗ್ರಿ ಬಂದರೂ ಕೈಗೆ ಹಳೆಯ ಪಾಠವೇ ನೆನಪು. ಲಕ್ಷ್ಮಿಕಾಂತ್ ಚಹಾ ಕುಡಿದು ಬರುವಷ್ಟರಲ್ಲಿ ಗಡ್ಡೆಯೆಲ್ಲ ಸಿಂಕಿಗೆ ಹೋಗಿತ್ತು. ತಿಳಿಗೆ ಆಸಿಡ್ ಬಿಟ್ಟಾಗ ತೇಲಿದ್ದು ಒಂದಿಷ್ಟು ಪುಡಿ ಮಾತ್ರ. ಮಿರಿಸ್ಟಿಕ್ಕಿನ ಬಹುಪಾಲು ಆ ಗಡ್ಡೆಯಲ್ಲೇ ಇತ್ತು; ನೊರೆಯೆಂದು ತೆಗೆದದ್ದೇ ಕೆನೆಯಾಗಿತ್ತು.

ಲಕ್ಷ್ಮಿಕಾಂತ್ ಪ್ರಾಜೆಕ್ಟಿನ ಮೇಷ್ಟ್ರು ಬಾಲರಾಜ್ ಸರ್ ದನಿಯನ್ನು ಮೂಗಿನಿಂದ ಹೊರಡಿಸಿ, ಅವರದೇ ತೆಲುಗಿನಲ್ಲಿ, ಬಟ್ಟೆ ಒಗೆಯಲು ಎಂ.ಎಸ್ಸಿ. ಯಾಕೆ ಬೇಕಿತ್ತಮ್ಮಾ ಎಂದು ಕೇಳಿದ. ಆಮೇಲೆ ಬೀಕರಿನೊಳಗೆ ಬಗ್ಗಿ ನೋಡಿ ತನ್ನ ದನಿಗೆ ಮರಳಿದ.

ಇಬ್ಬರೂ ಸಿಂಕಿನ ಜಾಲರಿಯಿಂದ ಗಡ್ಡೆ ಕೆರೆದು, ಆಸಿಡ್ಡಿಗೆ ಹಾಕಿ ಬಿಸಿಮಾಡಿದರು. ಎಣ್ಣೆ ತೇಲಿತು, ಆರಿದ ಮೇಲೆ ಬಿಲ್ಲೆಗಟ್ಟಿತು. ಬಣ್ಣ ಹಳದಿ, ವಾಸನೆ ಫಿನಾಯಿಲಿನದು. ಉಳಿದಿದ್ದ ಸ್ಪಿರಿಟ್ಟಿನಲ್ಲಿ ಮೊದಲಿನ ಪುಡಿಯನ್ನಷ್ಟೇ ಕರಗಿಸಿ ಹರಳುಗಟ್ಟಿಸಲು ಸಾಧ್ಯವಾಯಿತು. ಒಣಗಿದಾಗ ಅದು ಬೆಳ್ಳಗೆ ಮಿಂಚಿತು. ಒಂದು ಚಿಟಿಕೆ.

"ಎರಡೂ ಕಲಸಿಬಿಡಾಣ," ಅಂದ ಲಕ್ಷ್ಮಿಕಾಂತ್. "ಇಷ್ಟೇ ಇಟ್ರ ಮೇಡಂ ನಶ್ಯ ತಂದೀರೇನು ಅಂತಾರ."

"ಕಲಸಿದ್ರ ಹೊಲಸು ಶುದ್ಧ ಆಗೂದಿಲ್ಲ. ಶುದ್ಧಿದ್ದದ್ದು ಹೊಲಸಾಕ್ಕೈತಿ."

"ತೂಕಕ್ಕೂ ಮಾರ್ಕ್ಸ್ ಅದಾವು, ಪದ್ಮಾ. ಇದರಾಗ ನಂದೂ ಐತಿ."

ಪದ್ಮಜಾ ಬಿಳಿಯದರ ಒಂದು ಕಣ, ಹಳದಿಯದರ ಒಂದು ಕಣ ಕೂಡಿಸಿ ಅರೆದು, ಸಣ್ಣ ಗಾಜಿನ ಕೊಳವೆಗೆ ತುಂಬಿ ಅವನ ಕೈಗಿಟ್ಟಳು. ಅವನೇ ಬರ್ನರ್ ಹಚ್ಚಿ ಥರ್ಮಾಮೀಟರಿನ ಪಕ್ಕದಲ್ಲಿ ಕಾಯಿಸಿದ. ನಲವತ್ತು ದಾಟುತ್ತಿದ್ದಂತೆ ಪುಡಿ ಬೆವರಿತು, ಕುಗ್ಗಿತು, ಅರ್ಧ ಕರಗಿ ಅರ್ಧ ಹಾಗೇ ನಿಂತಿತು. ಅವನು ಬರ್ನರ್ ಆರಿಸಿದ. ಹಳದಿ ಬಿಲ್ಲೆಯನ್ನು ಕಾಗದಕ್ಕೆ ಸುತ್ತಿ ಬೆಂಚಿನ ಆ ತುದಿಗೆ ಸರಿಸಿದ.

ಪರೀಕ್ಷಕಿ ಚಿಟಿಕೆಯನ್ನು ನೋಡಿದರು, ಇಬ್ಬರ ಮುಖ ನೋಡಿದರು, ಕೊಳವೆ ತುಂಬಿಸಲು ಹೇಳಿದರು. ಐವತ್ಮೂರರವರೆಗೆ ಕೊಳವೆಯೊಳಗಿನ ಬಿಳಿ ಪುಡಿ ಅಲುಗಲಿಲ್ಲ. ಐವತ್ನಾಲ್ಕಕ್ಕೆ ಒಮ್ಮೆಗೇ ನೀರಾಯಿತು.

ಮಿಕ್ಕದ್ದು ಎಲ್ಲಿ ಎಂದು ಅವರು ಕೇಳಿದರು. ಪದ್ಮಜಾ ಬೋರ್ ನೀರು, ಸಿಂಕು, ಮನೆಯ ರೂಢಿ ಎಲ್ಲ ಹೇಳಿ ಕಾಗದದ ಪೊಟ್ಟಣ ಬಿಚ್ಚಿ ತೋರಿಸಿದಳು. ಪರೀಕ್ಷಕಿ ಮೂಸಿ ನೋಡಿ, ಎರಡೂ ಕಲಸಬೇಕು ಅನ್ನಿಸಲಿಲ್ಲವೇ ಎಂದರು.

"ಅನ್ನಿಸಿತ್ರಿ ಮೇಡಂ," ಅಂದ ಲಕ್ಷ್ಮಿಕಾಂತ್, ಯಾರ ದನಿಯನ್ನೂ ತೆಗೆಯದೆ. "ಕಲಸಿ ನೋಡಿದ್ವಿ. ಕರಗೂವಾಗ ಎಲ್ಲಾ ಹೇಳಿಬಿಡತೈತ್ರಿ ಅದು."

ಅವರು ಶುದ್ಧತೆಗೆ ಪೂರ್ತಿ ಅಂಕ ಕೊಟ್ಟರು, ತೂಕಕ್ಕೆ ಸೊನ್ನೆ. ಅಂಕ ಕೂಡಿಸಿದರೆ ಪಾಸಾಗುವಷ್ಟಾಯಿತು.